ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ: ತೆರೆದ ನ್ಯಾಯಾಲಯದ ತತ್ತ್ವ ಮತ್ತು ಅದರ ಅಪವಾದ

೧

ನ್ಯಾಯಾಲಯದ ಕಲಾಪ ಬಹಿರಂಗವಾಗಿ ನಡೆಯಬೇಕೆಂಬುದು ಆಧುನಿಕ ನ್ಯಾಯವ್ಯವಸ್ಥೆಯ ಮೂಲತತ್ತ್ವಗಳಲ್ಲೊಂದು. ಆದರೆ ಕದ ತೆರೆದಿದ್ದ ಮಾತ್ರಕ್ಕೆ ನ್ಯಾಯಾಲಯ ಎಲ್ಲರಿಗೂ ತೆರೆದಂತಾಗುವುದಿಲ್ಲ. ವಿಚಾರಣೆಯ ಕೋಣೆಯಲ್ಲಿ ಕುಳಿತು ಕೇಳಬಲ್ಲವರು ಬೆರಳೆಣಿಕೆಯ ಮಂದಿ. ಉಳಿದವರಿಗೆ ಅಲ್ಲಿ ನಡೆದದ್ದು ತಿಳಿಯುವುದು ವರದಿಯ ಮೂಲಕವೇ. ಸಂವಿಧಾನದ ೩೪೮ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯದ ಕಲಾಪದ ಭಾಷೆ ಇಂಗ್ಲಿಷ್. ಆದ್ದರಿಂದ ಕನ್ನಡ ಮಾತ್ರ ಬಲ್ಲವನಿಗೆ ವರದಿಗಾರನೇ ದುಭಾಷಿಯೂ ಆಗುತ್ತಾನೆ. ಹೆಗ್ಗಡದೇವನಕೋಟೆ ಸೀಮೆಯ ಬೀಚನಹಳ್ಳಿಯಲ್ಲಿ ಕಟ್ಟಿರುವ ಕಬಿನಿ ಜಲಾಶಯದ ನೀರು ಎಷ್ಟು, ಯಾವಾಗ, ಯಾರಿಗೆ ಎಂಬ ಪ್ರಶ್ನೆ ೧೯೯೦ರಲ್ಲಿ ರಚಿತವಾದ ಕಾವೇರಿ ನ್ಯಾಯಮಂಡಳಿಯ ಮುಂದೆ ಹದಿನೇಳು ವರ್ಷ ಚರ್ಚೆಯಾಯಿತು. ೨೦೦೭ರ ಐತೀರ್ಪಿನ ಅನಂತರ ಅದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ೨೦೧೮ರಲ್ಲಿ ಇತ್ಯರ್ಥವಾಯಿತು. ಅಣೆಕಟ್ಟಿನ ಕೆಳಗೆ ಗದ್ದೆಯುಳ್ಳ ರೈತನಿಗೆ ದೆಹಲಿಯ ಆ ವಾದವಿವಾದಗಳು ತಲುಪಿದ್ದು ಕನ್ನಡ ಪತ್ರಿಕೆಗಳ ಪುಟಗಳಿಂದ. ವರದಿ ನಿಂತರೆ ಅವನ ಪಾಲಿಗೆ ನ್ಯಾಯಾಲಯದ ಕದ ಮುಚ್ಚಿದಂತೆಯೇ.

ಹಾಗಾದರೆ ಕದವನ್ನು ತೆರೆದಿಟ್ಟೇ, ಒಳಗೆ ನಡೆದುದನ್ನು ಪ್ರಕಟಿಸಬಾರದೆಂದು ನ್ಯಾಯಾಲಯವೊಂದು ಆಜ್ಞಾಪಿಸಬಹುದೆ? ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಯನ್ನು ಅಧಿಕೃತವಾಗಿ ಎದುರಿಸಿದುದು ೧೯೬೬ರ ಮಾರ್ಚ್ ೩ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ. ಬಹುಮತದ ತೀರ್ಪನ್ನು ಬರೆದವರು ಅಂದಿನ ಮುಖ್ಯ ನ್ಯಾಯಾಧೀಶ ಪ್ರಹ್ಲಾದ ಬಾಲಾಚಾರ್ಯ ಗಜೇಂದ್ರಗಡಕರ. ಕಾರ್ಮಿಕ ಕಾನೂನಿನ ನಿರ್ಮಾಪಕರೆಂದೂ ಸಾಮಾಜಿಕ ನ್ಯಾಯದ ಪ್ರತಿಪಾದಕರೆಂದೂ ಅವರನ್ನು ಸ್ಮರಿಸುವುದು ವಾಡಿಕೆ. ಅವರ ವೃತ್ತಿಜೀವನದುದ್ದಕ್ಕೂ ಇನ್ನೊಂದು ಎಳೆ ಹಾಯ್ದುಹೋಗಿದೆ: ಅಧಿಕಾರವುಳ್ಳವರ ನಡೆ ಎಷ್ಟರಮಟ್ಟಿಗೆ ಜನರ ಕಣ್ಣಿಗೆ ಬೀಳಬೇಕು ಎಂಬ ಪ್ರಶ್ನೆ. ಆ ಎಳೆಯನ್ನು ಹಿಡಿದು ಅವರ ಬದುಕನ್ನು ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಗಜೇಂದ್ರಗಡಕರ ಅವರ ಮನೆತನದ ಹೆಸರೇ ಅದರ ಮೂಲವನ್ನು ಹೇಳುತ್ತದೆ. ಇಂದಿನ ಗದಗ ಜಿಲ್ಲೆಗೆ ಸೇರಿರುವ ಗಜೇಂದ್ರಗಡವು ಬೆಟ್ಟದ ಕೋಟೆಗೂ ನೇಕಾರಿಕೆಗೂ ಸಮೀಪದ ಕಾಲಕಾಲೇಶ್ವರ ದೇಗುಲಕ್ಕೂ ಹೆಸರಾದ ಊರು. ೧೭೮೭ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ನಡುವೆ ಏರ್ಪಟ್ಟ ಒಪ್ಪಂದದಿಂದ ಅದು ಚರಿತ್ರೆಯಲ್ಲಿಯೂ ಸ್ಥಾನ ಪಡೆದಿದೆ. ಕನ್ನಡ ನಾಡಿನ ಈ ಊರಿನಿಂದ ಸಾತಾರೆಗೆ ಹೋಗಿ ನೆಲೆಸಿದ ಪಂಡಿತ ಮನೆತನದಲ್ಲಿ ಪ್ರಹ್ಲಾದ ಅವರು ೧೯೦೧ರ ಮಾರ್ಚ್ ೧೬ರಂದು ಜನಿಸಿದರು. ತಂದೆ ಬಾಲಾಚಾರ್ಯರು ಸಂಸ್ಕೃತ ವಿದ್ವಾಂಸರು. ಅಣ್ಣ ಅಶ್ವತ್ಥಾಮಾಚಾರ್ಯರು ಮುಂದೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿ ಖ್ಯಾತರಾದರು. ಶಾಸ್ತ್ರಾಧ್ಯಯನವೇ ಉಸಿರಾಗಿದ್ದ ಮನೆಯ ವಾತಾವರಣ ಅವರ ಬುದ್ಧಿಯ ಮೊದಲ ಪಾಠಶಾಲೆಯಾಯಿತು.

ಸಾತಾರೆಯಲ್ಲಿ ಶಾಲಾ ವಿದ್ಯಾಭ್ಯಾಸವನ್ನು ಮುಗಿಸಿದ ಪ್ರಹ್ಲಾದ ಅವರು ೧೯೧೮ರಲ್ಲಿ ಧಾರವಾಡಕ್ಕೆ ಬಂದು ಕರ್ನಾಟಕ ಕಾಲೇಜನ್ನು ಸೇರಿದರು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಬಹುಕಾಲದ ಬೇಡಿಕೆಯ ಫಲವಾಗಿ ಆ ಕಾಲೇಜು ಆರಂಭವಾದದ್ದು ೧೯೧೭ರಲ್ಲಿ. ಹೀಗೆ ಅದರ ಮೊದಮೊದಲ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರಾದರು. ಪೂರ್ವಿಕರು ಬಿಟ್ಟುಹೋದ ಸೀಮೆಗೆ ವಿದ್ಯಾರ್ಥಿಯಾಗಿ ಮರಳಿದ ಆ ಎರಡು ವರ್ಷಗಳ ಬಳಿಕ ಅವರು ಪುಣೆಯ ಡೆಕ್ಕನ್ ಕಾಲೇಜಿಗೆ ತೆರಳಿದರು. ೧೯೨೪ರಲ್ಲಿ ಎಂ.ಎ. ಪದವಿಯನ್ನೂ, ೧೯೨೬ರಲ್ಲಿ ಪುಣೆಯ ಕಾನೂನು ಕಾಲೇಜಿನಿಂದ ಎಲ್ಎಲ್.ಬಿ. ಪದವಿಯನ್ನೂ ಪಡೆದು ಅದೇ ವರ್ಷ ಮುಂಬಯಿ ಉಚ್ಚ ನ್ಯಾಯಾಲಯದ ಮೇಲ್ಮನವಿ ವಿಭಾಗದಲ್ಲಿ ವಕೀಲಿಯನ್ನು ಆರಂಭಿಸಿದರು.

ವಕೀಲಿಯ ನಡುವೆಯೂ ಅವರ ಪಾಂಡಿತ್ಯಪ್ರೀತಿ ಬತ್ತಲಿಲ್ಲ. ಹಿಂದೂ ಕಾನೂನಿಗೆ ಮೀಸಲಾದ ತ್ರೈಮಾಸಿಕವೊಂದನ್ನು ಸಂಪಾದಿಸಿದರು. ದತ್ತುಸ್ವೀಕಾರವನ್ನು ಕುರಿತು ನಂದಪಂಡಿತ ರಚಿಸಿದ ದತ್ತಕಮೀಮಾಂಸೆಯ ವಿಮರ್ಶಾತ್ಮಕ ಆವೃತ್ತಿಯನ್ನು ಸಿದ್ಧಪಡಿಸಿದರು. ಗ್ರಂಥಸಂಪಾದನೆಯ ಶಿಸ್ತು ಬಲ್ಲವರಿಗೆ ಈ ಕೆಲಸದ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಠಾಂತರಗಳನ್ನು ಎದುರುಬದುರು ಇಟ್ಟು ತೂಗುವುದು, ಒಪ್ಪದ ಪಾಠವನ್ನೂ ಓದುಗನ ಕಣ್ಣಿಗೆ ಕಾಣುವಂತೆ ಉಳಿಸುವುದು, ಒಪ್ಪಿದ್ದಕ್ಕೆ ಕಾರಣ ಕೊಡುವುದು ಆ ಶಿಸ್ತಿನ ಜೀವಾಳ. ನ್ಯಾಯಾಧೀಶರಾದ ಮೇಲೆ ಅವರು ಬರೆದ ತೀರ್ಪುಗಳಲ್ಲಿ ಎದುರುಪಕ್ಷದ ವಾದವನ್ನು ಮೊದಲು ಪೂರ್ಣವಾಗಿ ನಿರೂಪಿಸಿ, ಅನಂತರ ಅದನ್ನು ಒಂದೊಂದಾಗಿ ಪರಿಶೀಲಿಸುವ ಕ್ರಮ ಎದ್ದುಕಾಣುತ್ತದೆ. ಪೂರ್ವಪಕ್ಷ, ಸಿದ್ಧಾಂತಗಳೆಂಬ ಶಾಸ್ತ್ರಕ್ರಮವೇ ಇಂಗ್ಲಿಷಿನ ಉಡುಪು ತೊಟ್ಟು ಬಂದಂತೆ ಅದು ತೋರುತ್ತದೆ.

೩

೧೯೪೫ರ ಮಾರ್ಚ್ ತಿಂಗಳಲ್ಲಿ ಗಜೇಂದ್ರಗಡಕರ ಅವರು ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಅವಧಿಯಲ್ಲಿ ಅವರ ಹೆಸರನ್ನು ದೇಶದ ಮನೆಮಾತಾಗಿಸಿದ್ದು ಬ್ಯಾಂಕು ನೌಕರರ ವಿವಾದ. ಮೇಲ್ಮನವಿ ನ್ಯಾಯಮಂಡಳಿಯ ನಿರ್ಣಯವನ್ನು ಕೇಂದ್ರ ಸರ್ಕಾರ ಮಾರ್ಪಡಿಸಿದುದನ್ನು ಪ್ರತಿಭಟಿಸಿ ೧೯೫೪ರಲ್ಲಿ ಕಾರ್ಮಿಕ ಸಚಿವ ವಿ.ವಿ. ಗಿರಿ ರಾಜೀನಾಮೆ ಕೊಟ್ಟಿದ್ದರು. ಬಳಿಕ ನೇಮಕವಾದ ಆಯೋಗದ ಹೊಣೆ ನ್ಯಾಯಮೂರ್ತಿ ರಾಜಾಧ್ಯಕ್ಷ ಅವರ ನಿಧನದಿಂದಾಗಿ ಗಜೇಂದ್ರಗಡಕರ ಅವರಿಗೆ ಬಂತು. ೧೯೫೫ರಲ್ಲಿ ಅವರು ಸಲ್ಲಿಸಿದ ವರದಿಯ ಆಧಾರದ ಮೇಲೆ ವಿವಾದ ಶಮನವಾಯಿತು. ದುಡಿಯುವವರ ಹಾಗೂ ದುಡಿಸಿಕೊಳ್ಳುವವರ ನಡುವಿನ ತಕರಾರನ್ನು ಕೇವಲ ಕರಾರಿನ ದೃಷ್ಟಿಯಿಂದ ನೋಡಲಾಗದು, ಸಾಮಾಜಿಕ ನ್ಯಾಯದ ಅಳತೆಯೂ ಅಲ್ಲಿ ಬೇಕು ಎಂಬ ನಿಲುವು ಅವರದಾಗಿತ್ತು. ೧೯೫೭ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದ ಮೇಲೆ ಕೈಗಾರಿಕಾ ವಿವಾದಗಳನ್ನು ಕುರಿತ ಹಲವು ತೀರ್ಪುಗಳಲ್ಲಿ ಆ ನಿಲುವೇ ಬೇರೂರಿತು.

ಕನ್ನಡ ನಾಡಿನ ಸಾಮಾಜಿಕ ಚರಿತ್ರೆಯಲ್ಲಿ ಅವರ ಹೆಸರು ನೇರವಾಗಿ ಸೇರಿಕೊಂಡಿದ್ದು ಬಾಲಾಜಿ ಪ್ರಕರಣದಿಂದ. ವೈದ್ಯಕೀಯ ಹಾಗೂ ಎಂಜಿನಿಯರಿಂಗ್ ಕಾಲೇಜುಗಳ ಸ್ಥಾನಗಳಲ್ಲಿ ಒಟ್ಟು ಶೇಕಡ ೬೮ರಷ್ಟನ್ನು ಮೀಸಲಿಟ್ಟು ಮೈಸೂರು ಸರ್ಕಾರ ೧೯೬೨ರ ಜುಲೈ ೩೧ರಂದು ಹೊರಡಿಸಿದ ಆದೇಶವನ್ನು ಅದೇ ವರ್ಷದ ಸೆಪ್ಟೆಂಬರ್ ೨೮ರಂದು ಐವರು ನ್ಯಾಯಾಧೀಶರ ಪೀಠ ರದ್ದುಗೊಳಿಸಿತು. ಜಾತಿಯೊಂದೇ ಹಿಂದುಳಿದಿರುವಿಕೆಯ ಅಳತೆಗೋಲಾಗಲಾರದು, ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕು ಎಂಬ ಗಜೇಂದ್ರಗಡಕರ ಅವರ ಪ್ರತಿಪಾದನೆ ಅಂದಿನಿಂದ ಇಂದಿನವರೆಗೂ ಚರ್ಚೆಯ ಕೇಂದ್ರದಲ್ಲಿದೆ. ಮೀಸಲಾತಿಯನ್ನು ನಿಯಮಕ್ಕೆ ಒದಗಿಬಂದ ಅಪವಾದವೆಂದು ಕಂಡು, ಅಪವಾದವು ನಿಯಮವನ್ನೇ ನುಂಗಬಾರದೆಂದು ಅವರು ವಾದಿಸಿದ್ದರು. ಈ ದೃಷ್ಟಿಯನ್ನು ಮುಂದಿನ ನ್ಯಾಯಾಧೀಶರು ಪೂರ್ತಿಯಾಗಿ ಒಪ್ಪಲಿಲ್ಲ. ಆದರೂ ನಿಯಮ ಮತ್ತು ಅಪವಾದಗಳ ಪ್ರಮಾಣದ ಬಗ್ಗೆ ಅವರಿಗಿದ್ದ ಕಾಳಜಿ ಇಲ್ಲಿ ಸ್ಪಷ್ಟವಾಗಿದೆ. ಅದೇ ಅಳತೆಗೋಲನ್ನು ಅವರ ಇತರ ತೀರ್ಪುಗಳಿಗೂ ಹಿಡಿದು ನೋಡುವುದು ಉಚಿತ.

ಅಧಿಕಾರದ ಗೋಪ್ಯತೆಯ ಪ್ರಶ್ನೆ ಅವರ ಮುಂದೆ ಮೊದಲು ಬಂದದ್ದು ೧೯೬೦ರ ನವೆಂಬರಿನಲ್ಲಿ ತೀರ್ಮಾನವಾದ ಸೋಧಿ ಸುಖದೇವ್ ಸಿಂಗ್ ಪ್ರಕರಣದಲ್ಲಿ. ಸೇವೆಯಿಂದ ತೆಗೆದುಹಾಕಲ್ಪಟ್ಟಿದ್ದ ಜಿಲ್ಲಾ ನ್ಯಾಯಾಧೀಶರೊಬ್ಬರು ತಮ್ಮ ವಿಷಯದಲ್ಲಿ ಸಚಿವ ಸಂಪುಟ ಏನು ನಿರ್ಧರಿಸಿತು, ಲೋಕಸೇವಾ ಆಯೋಗ ಏನು ಸಲಹೆ ಕೊಟ್ಟಿತು ಎಂಬ ಕಡತಗಳನ್ನು ನ್ಯಾಯಾಲಯಕ್ಕೆ ತರಿಸಬೇಕೆಂದು ಕೋರಿದ್ದರು. ಸಾಕ್ಷ್ಯ ಅಧಿನಿಯಮದ ೧೨೩ನೆಯ ಪ್ರಕರಣದ ಆಸರೆಯಲ್ಲಿ ಸರ್ಕಾರ ಅದನ್ನು ವಿರೋಧಿಸಿತು. ಬಹುಮತದ ತೀರ್ಪನ್ನು ಬರೆದ ಗಜೇಂದ್ರಗಡಕರ ಅವರು, ಕಾಗದಪತ್ರ ರಾಜ್ಯದ ವ್ಯವಹಾರಕ್ಕೆ ಸೇರಿದ್ದೇ ಎಂಬುದನ್ನು ನ್ಯಾಯಾಲಯ ವಿಚಾರಿಸಬಹುದೆಂದು ಒಪ್ಪಿದರು. ಆದರೆ ಅದನ್ನು ಬಹಿರಂಗಪಡಿಸಿದರೆ ಸಾರ್ವಜನಿಕ ಹಿತಕ್ಕೆ ಹಾನಿಯಾಗುವುದೇ ಎಂಬ ನಿರ್ಣಯವನ್ನು ಇಲಾಖೆಯ ಮುಖ್ಯಸ್ಥನ ವಿವೇಚನೆಗೇ ಬಿಟ್ಟರು. ತತ್ತ್ವದಲ್ಲಿ ಬೆಳಕನ್ನು ಒಪ್ಪಿ, ವ್ಯವಹಾರದಲ್ಲಿ ದೀಪದ ಬತ್ತಿಯನ್ನು ಅಧಿಕಾರಸ್ಥನ ಕೈಗೆ ಕೊಟ್ಟಂತಾಯಿತು. ಮುಂದಿನ ಮಿರಜಕರ ತೀರ್ಪಿನ ಮಾದರಿ ಇಲ್ಲಿಯೇ ಮೊಳೆತಿದೆ ಎನ್ನಬಹುದು.

೪

೧೯೬೪ರ ಫೆಬ್ರವರಿ ೧ರಂದು ಗಜೇಂದ್ರಗಡಕರ ಅವರು ಭಾರತದ ಮುಖ್ಯ ನ್ಯಾಯಾಧೀಶರಾದರು. ಎರಡೇ ತಿಂಗಳಲ್ಲಿ ದೇಶದ ಶಾಸಕಾಂಗಕ್ಕೂ ನ್ಯಾಯಾಂಗಕ್ಕೂ ನಡುವೆ ಹಿಂದೆಂದೂ ಕಾಣದ ಬಿಕ್ಕಟ್ಟು ತಲೆದೋರಿತು. ಶಾಸಕರೊಬ್ಬರ ಮೇಲೆ ಆರೋಪ ಹೊರಿಸಿದ ಕರಪತ್ರದ ಕಾರಣಕ್ಕೆ ಉತ್ತರಪ್ರದೇಶದ ವಿಧಾನಸಭೆ ಗೋರಖಪುರದ ಕೇಶವ ಸಿಂಗ್ ಅವರನ್ನು ಹಕ್ಕುಚ್ಯುತಿಯ ಆರೋಪದಲ್ಲಿ ಕರೆಸಿತು. ಅವರ ನಡವಳಿಕೆಯಿಂದಲೂ ಪತ್ರದಿಂದಲೂ ಕೆರಳಿ ೧೯೬೪ರ ಮಾರ್ಚಿನಲ್ಲಿ ಏಳು ದಿನಗಳ ಸೆರೆವಾಸ ವಿಧಿಸಿತು. ವಕೀಲ ಸಾಲೊಮನ್ ಅವರು ಸಲ್ಲಿಸಿದ ಅರ್ಜಿಯ ಮೇಲೆ ಅಲಹಾಬಾದ್ ಉಚ್ಚ ನ್ಯಾಯಾಲಯದ ಲಕ್ನೋ ಪೀಠದ ಇಬ್ಬರು ನ್ಯಾಯಾಧೀಶರು ಜಾಮೀನು ಕೊಟ್ಟರು. ಕೇಶವ ಸಿಂಗ್, ಅವರ ವಕೀಲ, ಜಾಮೀನು ಕೊಟ್ಟ ಇಬ್ಬರು ನ್ಯಾಯಾಧೀಶರು, ಇಷ್ಟೂ ಮಂದಿಯನ್ನು ಬಂಧಿಸಿ ತನ್ನ ಮುಂದೆ ತರಬೇಕೆಂದು ಸಭೆ ನಿರ್ಣಯಿಸಿತು. ಉಚ್ಚ ನ್ಯಾಯಾಲಯದ ೨೮ ನ್ಯಾಯಾಧೀಶರೂ ಒಟ್ಟಾಗಿ ಕುಳಿತು ಆ ನಿರ್ಣಯಕ್ಕೆ ತಡೆಯಾಜ್ಞೆ ನೀಡಿದರು. ರಾಷ್ಟ್ರಪತಿಗಳು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯವನ್ನು ಕೇಳಿದರು.

ಏಳು ನ್ಯಾಯಾಧೀಶರ ಪೀಠದ ಬಹುಮತದ ಅಭಿಪ್ರಾಯವನ್ನು ೧೯೬೪ರ ಸೆಪ್ಟೆಂಬರ್ ೩೦ರಂದು ಗಜೇಂದ್ರಗಡಕರ ಅವರು ನೀಡಿದರು. ಭಾರತದಲ್ಲಿ ಪರಮಾಧಿಕಾರ ಇರುವುದು ಸಂವಿಧಾನಕ್ಕೆ, ಯಾವ ಸಭೆಗೂ ಅಲ್ಲ. ತನ್ನ ಸ್ವಾತಂತ್ರ್ಯಕ್ಕೆ ಕುತ್ತು ಬಂದ ಪ್ರಜೆ ನ್ಯಾಯಾಲಯದ ಮೊರೆಹೊಕ್ಕರೆ ಅವನ ಅರ್ಜಿಯನ್ನು ಆಲಿಸಿದ ನ್ಯಾಯಾಧೀಶರಾಗಲಿ ಅವನ ಪರ ನಿಂತ ವಕೀಲರಾಗಲಿ ಸದನದ ನಿಂದನೆ ಮಾಡಿದಂತಾಗುವುದಿಲ್ಲ ಎಂಬುದು ಅದರ ತಿರುಳು. ಆ ದೀರ್ಘ ಅಭಿಪ್ರಾಯದ ಕೊನೆಯ ಭಾಗದಲ್ಲಿ ಅವರು ನ್ಯಾಯಾಧೀಶರನ್ನೇ ಉದ್ದೇಶಿಸಿ ಎಚ್ಚರಿಕೆಯ ಮಾತನ್ನೂ ಹೇಳಿದ್ದಾರೆ. ನಿಂದನೆಗಾಗಿ ದಂಡಿಸುವ ಅಧಿಕಾರ ಎಷ್ಟೇ ಅಗತ್ಯವಾಗಿದ್ದರೂ ಅದನ್ನು ಸಿಟ್ಟಿನಲ್ಲಿ, ಪದೇಪದೇ, ವಿವೇಚನೆಯಿಲ್ಲದೆ ಬಳಸಿದರೆ ನ್ಯಾಯಾಲಯದ ಘನತೆ ಹೆಚ್ಚುವ ಬದಲು ಕುಗ್ಗೀತು ಎಂಬುದು ಆ ಎಚ್ಚರಿಕೆಯ ಸಾರ. ನ್ಯಾಯಾಧೀಶರ ಗೌರವ ಅವರ ತೀರ್ಪಿನ ಗುಣದಿಂದ, ನಿಷ್ಪಕ್ಷಪಾತದಿಂದ ಹುಟ್ಟಬೇಕು. ಬಾಯಿ ಕಟ್ಟುವುದರಿಂದ ಅದು ಹುಟ್ಟಲಾರದು ಎಂಬ ನಂಬಿಕೆ ಇದರ ಹಿಂದಿದೆ. ನ್ಯಾಯಾಲಯವನ್ನು ಕುರಿತು ಬರೆಯುವವರಿಗೆ ಇದಕ್ಕಿಂತ ದೊಡ್ಡ ಅಭಯ ಅಂದಿನ ಕಾಲಕ್ಕೆ ಬೇರೊಂದಿರಲಿಲ್ಲ.

೫

ಇಂಥ ನ್ಯಾಯಾಧೀಶರ ಮುಂದೆಯೇ ಮಿರಜಕರ ಪ್ರಕರಣ ಬಂತು. ಅದರ ಮೂಲ ಮುಂಬಯಿಯ ವಾರಪತ್ರಿಕೆ ಬ್ಲಿಟ್ಜ್. ೧೯೬೦ರ ಸೆಪ್ಟೆಂಬರ್ ೨೪ರ ಸಂಚಿಕೆಯಲ್ಲಿ ಆ ಪತ್ರಿಕೆ ಜವಳಿ ಉದ್ಯಮಿ ಕೃಷ್ಣರಾಜ ಠಾಕರ್ಸಿ ಅವರ ವಿರುದ್ಧ ಆರೋಪಗಳನ್ನು ಹೊರಿಸಿ, ಮುಂದ್ರಾ ಹಗರಣಕ್ಕಿಂತಲೂ ಇದು ಮಿಗಿಲೆಂಬ ಧಾಟಿಯಲ್ಲಿ ಬರೆದಿತ್ತು. ಠಾಕರ್ಸಿ ಅವರು ಸಂಪಾದಕ ಆರ್.ಕೆ. ಕರಂಜಿಯಾ ಅವರ ಮೇಲೆ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಮಾನನಷ್ಟದ ದಾವೆ ಹೂಡಿದರು. ವಿಚಾರಣೆಯಲ್ಲಿ ಒಮ್ಮೆ ಹೇಳಿಕೆ ಕೊಟ್ಟಿದ್ದ ಸಾಕ್ಷಿಯೊಬ್ಬರನ್ನು ೧೯೬೪ರಲ್ಲಿ ಮತ್ತೆ ಕರೆಸಲಾಯಿತು. ತಮ್ಮ ಹಿಂದಿನ ಸಾಕ್ಷ್ಯದ ವರದಿಗಳು ಪತ್ರಿಕೆಗಳಲ್ಲಿ ಬಂದು ವ್ಯಾಪಾರಕ್ಕೆ ಧಕ್ಕೆಯಾಯಿತೆಂದೂ ಈ ಸಲ ಅದು ಪ್ರಕಟವಾಗದಂತೆ ಮಾಡಬೇಕೆಂದೂ ಅವರು ಕೇಳಿಕೊಂಡರು. ನ್ಯಾಯಮೂರ್ತಿ ವಿ.ಎಂ. ತಾರಕುಂಡೆ ಅವರು ಆ ಪ್ರಾರ್ಥನೆಯನ್ನು ಮನ್ನಿಸಿ, ಸಾಕ್ಷ್ಯವನ್ನು ಪ್ರಕಟಿಸಕೂಡದೆಂದು ಮೌಖಿಕವಾಗಿ ಆಜ್ಞಾಪಿಸಿದರು.

ಆಜ್ಞೆಯ ಸ್ವರೂಪ ವಿಲಕ್ಷಣವಾಗಿತ್ತು. ವಿಚಾರಣೆ ಗೋಪ್ಯವಾಗಿ ನಡೆಯಲಿಲ್ಲ. ಬಯಸಿದವರು ಬಂದು ಕುಳಿತು ಕೇಳಬಹುದಿತ್ತು. ಕೇಳಿದವರು ಹೊರಗೆ ಹೋಗಿ ಪರಸ್ಪರ ಮಾತಾಡಿಕೊಳ್ಳುವುದಕ್ಕೂ ತಡೆಯಿರಲಿಲ್ಲ. ಅಚ್ಚಿಗೆ ಮಾತ್ರ ನಿಷೇಧ. ಆಜ್ಞೆ ಬರಹದಲ್ಲಿ ಇರಲಿಲ್ಲ. ಎಷ್ಟು ಕಾಲ ಜಾರಿಯಲ್ಲಿರಬೇಕೆಂಬುದನ್ನೂ ಹೇಳಿರಲಿಲ್ಲ. ಬ್ಲಿಟ್ಜ್ ವರದಿಗಾರ ನರೇಶ ಶ್ರೀಧರ ಮಿರಜಕರ ಅವರು ಉಚ್ಚ ನ್ಯಾಯಾಲಯದಲ್ಲಿಯೇ ಅದನ್ನು ಪ್ರಶ್ನಿಸಿ ಸೋತರು. ಅನಂತರ ಅವರೂ ಇತರ ಪತ್ರಕರ್ತರೂ ೩೨ನೆಯ ವಿಧಿಯನ್ವಯ ನಾಲ್ಕು ಅರ್ಜಿಗಳೊಂದಿಗೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ ತಮ್ಮ ಮೂಲಭೂತ ಹಕ್ಕು ಈ ಆಜ್ಞೆಯಿಂದ ಭಂಗವಾಗಿದೆಯೆಂಬುದು ಅವರ ಅಹವಾಲು.

ಒಂಬತ್ತು ಮಂದಿಯ ಪೀಠದಲ್ಲಿ ಎಂಟು ಮಂದಿ ಅರ್ಜಿಗಳನ್ನು ತಳ್ಳಿಹಾಕಿದರು. ಐವರ ಪರವಾಗಿ ಗಜೇಂದ್ರಗಡಕರ ಅವರು ಬರೆದ ತೀರ್ಪು ತೆರೆದ ನ್ಯಾಯಾಲಯದ ಮಹತ್ತ್ವವನ್ನು ಪ್ರತಿಪಾದಿಸುವುದರಿಂದಲೇ ಮುಂದುವರಿಯುತ್ತದೆ. ನ್ಯಾಯಾಧೀಶನ ಮನಸ್ವೀ ನಡೆಗೆ ಸಾರ್ವಜನಿಕರ ಕಣ್ಣೇ ಕಡಿವಾಣ, ನ್ಯಾಯದಾನದಲ್ಲಿ ಜನರ ವಿಶ್ವಾಸಕ್ಕೆ ಬಹಿರಂಗ ವಿಚಾರಣೆಯೇ ಬುನಾದಿ ಎಂಬುದನ್ನು ಅದು ಸಂಶಯಕ್ಕೆಡೆಯಿಲ್ಲದಂತೆ ಒಪ್ಪುತ್ತದೆ. ಆದರೆ ನ್ಯಾಯಾಲಯದ ಅಂತಿಮ ಗುರಿ ನ್ಯಾಯದಾನ. ಬಹಿರಂಗತೆ ಆ ಗುರಿಗೆ ಸಾಧನ. ಸಾಧನವೇ ಗುರಿಗೆ ಅಡ್ಡಿಯಾಗುವ ವಿರಳ ಸಂದರ್ಭದಲ್ಲಿ, ಉದಾಹರಣೆಗೆ ಪ್ರಚಾರದ ಭಯದಿಂದ ಸಾಕ್ಷಿ ಸತ್ಯ ನುಡಿಯದೆ ಹೋಗುವ ಸಂದರ್ಭದಲ್ಲಿ, ವಿಚಾರಣೆಯನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಗೋಪ್ಯವಾಗಿ ನಡೆಸುವ ಸಹಜಾಧಿಕಾರ ಉಚ್ಚ ನ್ಯಾಯಾಲಯಕ್ಕಿದೆ. ಇಡೀ ವಿಚಾರಣೆಯನ್ನೇ ಮುಚ್ಚುವ ಅಧಿಕಾರವುಳ್ಳವರಿಗೆ ಪ್ರಕಟಣೆಯೊಂದನ್ನು ತಡೆಯುವ ಅಧಿಕಾರವೂ ಇರಲೇಬೇಕು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ೧೯೧೩ರಲ್ಲಿ ಸ್ಕಾಟ್ ಪ್ರಕರಣದಲ್ಲಿ ಬಹಿರಂಗ ವಿಚಾರಣೆಯನ್ನು ನಿಯಮವಾಗಿಯೂ ಗೋಪ್ಯತೆಯನ್ನು ವಿರಳ ಅಪವಾದವಾಗಿಯೂ ಕಂಡಿದ್ದ ನಿಲುವು ಈ ಚರ್ಚೆಗೆ ಒತ್ತಾಸೆಯಾಗಿ ಒದಗಿತು.

ಇನ್ನೊಂದು ಪ್ರತಿಪಾದನೆಯ ಪರಿಣಾಮ ಇನ್ನೂ ದೂರಗಾಮಿಯಾದುದು. ನ್ಯಾಯಾಧೀಶರು ತಮ್ಮ ಮುಂದಿರುವ ವ್ಯಾಜ್ಯದ ಸಂಬಂಧದಲ್ಲಿ ಕೊಡುವ ಆಜ್ಞೆ ಪ್ರಜೆಯ ಮೂಲಭೂತ ಹಕ್ಕಿಗೆ ಭಂಗ ತರುವುದೆಂದು ಹೇಳಲಾಗದು. ಅದು ತಪ್ಪಾಗಿದ್ದರೆ ಮೇಲ್ಮನವಿಯಲ್ಲಿ ತಿದ್ದಿಸಿಕೊಳ್ಳಬೇಕೇ ಹೊರತು ೩೨ನೆಯ ವಿಧಿಯ ಅರ್ಜಿಯಿಂದಲ್ಲ ಎಂಬುದು ಆ ಪ್ರತಿಪಾದನೆ. ತಾರಕುಂಡೆ ಅವರ ಆಜ್ಞೆ ವಿಚಾರಣೆ ಮುಗಿಯುವವರೆಗೆ ಮಾತ್ರ ಅನ್ವಯಿಸುವ ತಾತ್ಕಾಲಿಕ ತಡೆಯೆಂದು ಬಹುಮತ ಅರ್ಥೈಸಿತು. ಆಜ್ಞೆಯಲ್ಲಿ ಇಲ್ಲದ ಕಾಲಮಿತಿಯನ್ನು ತೀರ್ಪು ತಾನಾಗಿ ತುಂಬಿಕೊಟ್ಟಿತು.

ಏಕಾಂಗಿಯಾಗಿ ಭಿನ್ನಮತ ಬರೆದವರು ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ. ನ್ಯಾಯಾಧೀಶನ ಆಜ್ಞೆಯಿಂದಲೂ ಮೂಲಭೂತ ಹಕ್ಕು ಭಂಗವಾಗಬಲ್ಲುದು, ಹಾಗಾದಾಗ ಸರ್ವೋಚ್ಚ ನ್ಯಾಯಾಲಯದ ಕದ ತಟ್ಟುವ ಅವಕಾಶ ಪ್ರಜೆಗಿರಬೇಕು ಎಂಬುದು ಅವರ ನಿಲುವು. ಸಾಕ್ಷಿಯ ವ್ಯಾಪಾರಕ್ಕೆ ನಷ್ಟವಾಗುವುದೆಂಬ ಕಾರಣ, ಬಹಿರಂಗವಾಗಿ ನಡೆದ ವಿಚಾರಣೆಯ ವರದಿಯನ್ನು ತಡೆಯುವುದಕ್ಕೆ ಸಾಲದೆಂದೂ ಅವರು ಕಂಡರು.

೬

ವ್ಯಾಕರಣ, ಮೀಮಾಂಸೆಗಳ ಪರಿಚಯವುಳ್ಳವರಿಗೆ ಈ ತೀರ್ಪಿನ ಒಡಲಿನಲ್ಲಿರುವುದು ಉತ್ಸರ್ಗ ಮತ್ತು ಅಪವಾದಗಳ ಸಂಬಂಧವೆಂಬುದು ಕೂಡಲೇ ಹೊಳೆಯುತ್ತದೆ. ಉತ್ಸರ್ಗ ಸಾಮಾನ್ಯ ನಿಯಮ. ಅಪವಾದ ಅದನ್ನು ನಿರ್ದಿಷ್ಟ ನೆಲೆಯಲ್ಲಿ ಮಾತ್ರ ಬಾಧಿಸುವ ವಿಶೇಷ ನಿಯಮ. ಅಪವಾದಕ್ಕೆ ಬಲವಿರುವುದು ಅದರ ವಿಷಯ ಸ್ಪಷ್ಟವಾಗಿ ಗೊತ್ತುಪಡಿಸಲ್ಪಟ್ಟಿರುವುದರಿಂದ. ಎಲ್ಲಿ, ಎಷ್ಟು, ಯಾವ ನಿಮಿತ್ತಕ್ಕೆ ಎಂಬುದನ್ನು ಹೇಳದ ಅಪವಾದ ಉತ್ಸರ್ಗವನ್ನೇ ಅಳಿಸಿಬಿಡುತ್ತದೆ. ದತ್ತಕಮೀಮಾಂಸೆಯ ಸಂಪಾದಕರಾಗಿದ್ದ ಗಜೇಂದ್ರಗಡಕರ ಅವರಿಗೆ ಈ ವಿವೇಕ ಹೊಸದಲ್ಲ. ಬಾಲಾಜಿ ಪ್ರಕರಣದಲ್ಲಿ ಅಪವಾದಕ್ಕೆ ಅಂಕೆಯ ಗಡಿಯನ್ನೇ ಹಾಕಿದ್ದ ಅವರು, ಮಿರಜಕರ ಪ್ರಕರಣದಲ್ಲಿ ಆ ಗಡಿಯನ್ನು ನ್ಯಾಯಾಧೀಶನ ವಿವೇಚನೆಗೇ ಒಪ್ಪಿಸಿದರು. ವಿರಳವಾಗಿ, ಎಚ್ಚರದಿಂದ, ಅನಿವಾರ್ಯವಾದಾಗ ಮಾತ್ರ ಬಳಸಬೇಕೆಂಬ ಬುದ್ಧಿವಾದವನ್ನು ಸೇರಿಸಿದರಾದರೂ, ಎಚ್ಚರ ತಪ್ಪಿದಾಗ ಪತ್ರಕರ್ತನಿಗೆ ದಾರಿ ಯಾವುದೆಂಬುದು ಅಸ್ಪಷ್ಟವಾಗಿಯೇ ಉಳಿಯಿತು. ವ್ಯಾಜ್ಯದಲ್ಲಿ ಪಕ್ಷಕಾರನಲ್ಲದ ವರದಿಗಾರನಿಗೆ ಮೇಲ್ಮನವಿಯ ಹಾದಿ ಸುಲಭವಲ್ಲ.

ಈ ನಿಲುವಿಗೆ ಅವರ ಅನುಭವದಲ್ಲಿಯೇ ಕಾರಣವನ್ನು ಹುಡುಕಬಹುದು. ಕೇಶವ ಸಿಂಗ್ ಪ್ರಕರಣದಲ್ಲಿ ಅಧಿಕಾರ ಚಲಾಯಿಸಿದ್ದು ವಿಧಾನಸಭೆ. ಮಿರಜಕರ ಪ್ರಕರಣದಲ್ಲಿ ಉಚ್ಚ ನ್ಯಾಯಾಲಯ. ಹನ್ನೆರಡು ವರ್ಷ ಅದೇ ಮುಂಬಯಿ ಪೀಠದಲ್ಲಿ ಕುಳಿತಿದ್ದವರಿಗೆ ಅಲ್ಲಿನ ನ್ಯಾಯಾಧೀಶರ ವಿವೇಚನೆಯ ಮೇಲೆ ಸಹಜವಾದ ಭರವಸೆಯಿತ್ತು. ಆ ಭರವಸೆ ನಿರಾಧಾರವಾದುದೂ ಅಲ್ಲ. ತಡೆಯಾಜ್ಞೆ ಕೊಟ್ಟ ತಾರಕುಂಡೆ ಅವರು ಮುಂದೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಜಯಪ್ರಕಾಶ ನಾರಾಯಣ ಅವರೊಡನೆ ನಾಗರಿಕ ಹಕ್ಕುಗಳ ಸಂಘಟನೆಯನ್ನು ಕಟ್ಟಿದ ಧೀಮಂತರು. ಸ್ವಾತಂತ್ರ್ಯಪ್ರಿಯನಾದ ನ್ಯಾಯಾಧೀಶನೂ ಸಾಕ್ಷಿಯ ಅಳಲಿಗೆ ಓಗೊಟ್ಟು ಅಚ್ಚಿನ ಬಾಯಿಗೆ ಬೀಗ ಹಾಕಬಹುದೆಂಬುದೇ ಈ ಪ್ರಕರಣದ ಪಾಠ. ಗಡಿಯನ್ನು ಕಾನೂನು ಎಳೆಯಬೇಕು. ಒಳ್ಳೆಯ ಮನುಷ್ಯರ ಒಳ್ಳೆಯತನ ಅದಕ್ಕೆ ಬದಲಾಗಲಾರದು.

೭

ತೀರ್ಪು ಬಂದ ಹನ್ನೆರಡನೆಯ ದಿನ, ೧೯೬೬ರ ಮಾರ್ಚ್ ೧೫ರಂದು, ಗಜೇಂದ್ರಗಡಕರ ಅವರು ನಿವೃತ್ತರಾದರು. ಅದೇ ವರ್ಷದ ಜನವರಿಯಲ್ಲಿ ಅವರು ಬರೆದಿದ್ದ ಇನ್ನೊಂದು ಮುಖ್ಯ ತೀರ್ಪು ಸ್ವಾಮಿನಾರಾಯಣ ಪಂಥದ ದೇಗುಲಗಳಿಗೆ ದಲಿತರ ಪ್ರವೇಶವನ್ನು ಎತ್ತಿಹಿಡಿದಿತ್ತು. ಅಲ್ಲಿಯೂ ಪ್ರಶ್ನೆ ಕದ ತೆರೆಯುವುದರದೇ ಆಗಿತ್ತು. ದೇಗುಲದ ಕದವನ್ನು ಅವರು ಯಾವ ಅಪವಾದವನ್ನೂ ಒಪ್ಪದೆ ತೆರೆಸಿದರೆಂಬುದು ಸ್ಮರಣೀಯ.

ಬಳಿಕ ೧೯೭೧ರವರೆಗೆ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ೧೯೬೬ರಲ್ಲಿ ನೇಮಕವಾದ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷರಾಗಿ ೧೯೬೯ರಲ್ಲಿ ವರದಿ ಸಲ್ಲಿಸಿದರು. ೧೯೭೧ರಿಂದ ೧೯೭೭ರವರೆಗೆ ಏಳನೆಯ ಕಾನೂನು ಆಯೋಗದ ಅಧ್ಯಕ್ಷರಾಗಿದ್ದರು. ೧೯೭೨ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ಕುರಿತ ೫೪ನೆಯ ವರದಿ ೧೯೭೩ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಹೊರಬಂತು. ೧೯೭೬ರ ತಿದ್ದುಪಡಿಯಿಂದ ಆ ಸಂಹಿತೆಗೆ ಸೇರಿದ ೧೫೩-ಬಿ ಪ್ರಕರಣ, ದಾವೆಯ ವಿಚಾರಣೆ ನಡೆಯುವ ಸ್ಥಳವನ್ನು ತೆರೆದ ನ್ಯಾಯಾಲಯವೆಂದು ಘೋಷಿಸಿತು. ಅಗತ್ಯವೆನಿಸಿದಾಗ ಸಾರ್ವಜನಿಕರನ್ನು ಹೊರಗಿಡುವ ಅಧಿಕಾರವನ್ನೂ ನ್ಯಾಯಾಧೀಶನಿಗೆ ಅದು ಉಳಿಸಿಕೊಟ್ಟಿತು. ನಿಯಮವೂ ಅಪವಾದವೂ ಒಂದೇ ಪ್ರಕರಣದೊಳಗೆ ಜೊತೆಯಾಗಿ ಕುಳಿತವು.

ಆ ತಿದ್ದುಪಡಿ ಬಂದ ಕಾಲದ ಸಂದರ್ಭವನ್ನು ಮರೆಯುವಂತಿಲ್ಲ. ೧೯೭೫ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ ಪತ್ರಿಕೆಗಳು ಸೆನ್ಸಾರಿಗೆ ಒಳಪಟ್ಟಿದ್ದವು. ನ್ಯಾಯಾಲಯಗಳ ಕಲಾಪದ ವರದಿಗೂ ಅದರಿಂದ ವಿನಾಯಿತಿ ಇರಲಿಲ್ಲ. ಬೆಂಗಳೂರಿನ ಸೆರೆಮನೆಯಲ್ಲಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಮೊದಲಾದವರು ತಮ್ಮ ಬಂಧನವನ್ನು ಪ್ರಶ್ನಿಸಿ ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆಹೋಗಿದ್ದರು. ನ್ಯಾಯಾಲಯದ ಕದ ಆಗಲೂ ತೆರೆದೇ ಇತ್ತು. ಒಳಗಿನ ಮಾತು ಓದುಗನನ್ನು ತಲುಪುವ ಹಾದಿಯಲ್ಲಿ ಮಾತ್ರ ಕಾವಲುಗಾರ ನಿಂತಿದ್ದ. ಸಭಾಂಗಣ ತೆರೆದಿದ್ದು ವರದಿ ಮುಚ್ಚಿದರೆ ಏನಾದೀತೆಂಬ ಪ್ರಶ್ನೆಗೆ ೧೯೬೬ರಲ್ಲಿ ಕಲ್ಪನೆಯ ಉತ್ತರ ಕೊಡಬೇಕಾಗಿತ್ತು. ಒಂಬತ್ತೇ ವರ್ಷದಲ್ಲಿ ಚರಿತ್ರೆಯೇ ಉತ್ತರ ಕೊಟ್ಟಿತು.

ಗಜೇಂದ್ರಗಡಕರ ಅವರು ೧೯೮೧ರ ಜೂನ್ ೧೨ರಂದು ನಿಧನರಾದರು. ನೆನಪುಗಳನ್ನು ದಾಖಲಿಸಿದ ಅವರ ಇಂಗ್ಲಿಷ್ ಆತ್ಮಕಥೆ ೧೯೮೩ರಲ್ಲಿ, ಮರಣಾನಂತರ ಪ್ರಕಟವಾಯಿತು.

೮

ಅವರ ನಿಧನದ ವರ್ಷದ ಕೊನೆಯಲ್ಲಿಯೇ, ೧೯೮೧ರ ಡಿಸೆಂಬರ್ ೩೦ರಂದು, ನ್ಯಾಯಾಧೀಶರ ವರ್ಗಾವಣೆಗೆ ಸಂಬಂಧಿಸಿದ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸರ್ಕಾರಿ ಕಡತಗಳ ಗೋಪ್ಯತೆಯ ವಿಷಯದಲ್ಲಿ ಸೋಧಿ ತೀರ್ಪಿನ ಜಾಡನ್ನು ಬಿಟ್ಟು ಮುಂದೆ ಹೋಯಿತು. ಹಾನಿಯಾಗುವುದೇ ಎಂಬುದನ್ನು ಕಡತ ನೋಡಿ ನ್ಯಾಯಾಲಯವೇ ತೀರ್ಮಾನಿಸಬೇಕೆಂದಿತು. ಪಾಂಡವಪುರ ಸೀಮೆಯ ಎಂಗಲಗುಪ್ಪೆಯವರಾದ ಇ.ಎಸ್. ವೆಂಕಟರಾಮಯ್ಯ ಅವರೂ ಆ ಏಳು ಮಂದಿಯ ಪೀಠದಲ್ಲಿದ್ದರು.

ಮಿರಜಕರ ತೀರ್ಪಿನ ವಿಧಿ ಬೇರೆಯಾಯಿತು. ಒಂಬತ್ತು ಮಂದಿಯ ಪೀಠದ ನಿರ್ಣಯವಾದುದರಿಂದ ಅದನ್ನು ಅಲುಗಿಸುವುದು ಸುಲಭವಾಗಿರಲಿಲ್ಲ. ಅಲುಗಿಸುವ ಬದಲು ಮುಂದಿನವರು ಅದಕ್ಕೆ ಅಂಚು ಕಟ್ಟಿದರು. ೨೦೧೨ರ ಸೆಪ್ಟೆಂಬರಿನಲ್ಲಿ ಸಹಾರಾ ಪ್ರಕರಣದಲ್ಲಿ ಐವರ ಪೀಠ, ವಿಚಾರಣೆಯ ವರದಿಯನ್ನು ಮುಂದೂಡುವ ಆಜ್ಞೆ ಕೊಡಬಹುದಾದರೂ, ನ್ಯಾಯದಾನಕ್ಕೆ ನಿಜವಾದ ಹಾಗೂ ಗಣನೀಯವಾದ ಅಪಾಯ ಇರಬೇಕು, ಬೇರಾವ ಸೌಮ್ಯ ಉಪಾಯವೂ ಸಾಲದಿರಬೇಕು, ಅವಧಿ ಅಲ್ಪವಾಗಿರಬೇಕು, ಮಾಧ್ಯಮದವರಿಗೆ ಆಜ್ಞೆಯನ್ನು ಪ್ರಶ್ನಿಸುವ ಅವಕಾಶವಿರಬೇಕು ಎಂದು ಷರತ್ತುಗಳನ್ನು ಹಾಕಿತು. ಇವು ೧೯೬೬ರಲ್ಲಿ ಹಾಕದೆ ಬಿಟ್ಟ ಗಡಿಗಲ್ಲುಗಳೇ. ೨೦೧೮ರ ಸೆಪ್ಟೆಂಬರ್ ೨೬ರಂದು ಕಲಾಪಗಳ ನೇರಪ್ರಸಾರಕ್ಕೆ ಸಮ್ಮತಿ ನೀಡಿದ ತೀರ್ಪು, ಬಹಿರಂಗ ವಿಚಾರಣೆಯ ಮಹತ್ತ್ವಕ್ಕೆ ಮಿರಜಕರ ಪ್ರಕರಣದ ಪ್ರತಿಪಾದನೆಯನ್ನೇ ಆಧಾರವಾಗಿ ಬಳಸಿಕೊಂಡಿತು. ೨೦೨೫ರ ಮೇ ತಿಂಗಳಲ್ಲಿ ವಿಶ್ವಕೋಶದ ಜಾಲತಾಣವೊಂದರ ಪುಟವನ್ನು ಅಳಿಸಬೇಕೆಂಬ ದೆಹಲಿ ಉಚ್ಚ ನ್ಯಾಯಾಲಯದ ಆಜ್ಞೆಯನ್ನು ರದ್ದುಪಡಿಸುವಾಗಲೂ ಅದೇ ತೀರ್ಪು ನೆರವಿಗೆ ಬಂತು. ಅಚ್ಚಿಗೆ ತಡೆಯೊಡ್ಡಿದ ತೀರ್ಪಿನೊಳಗಿನ ತತ್ತ್ವಭಾಗವೇ ತಡೆಗಳನ್ನು ಕಳಚುವ ಸಲಕರಣೆಯಾದುದು ನ್ಯಾಯಶಾಸ್ತ್ರದ ಚರಿತ್ರೆಯಲ್ಲಿ ಅಪರೂಪದ ಸಂಗತಿ.

ಕರ್ನಾಟಕ ಉಚ್ಚ ನ್ಯಾಯಾಲಯದ ನೇರಪ್ರಸಾರದ ನಿಯಮಗಳು ೨೦೨೨ರ ಜನವರಿ ೧ರಿಂದ ಜಾರಿಗೆ ಬಂದವು. ೨೦೨೪ರ ಸೆಪ್ಟೆಂಬರಿನಲ್ಲಿ ಅಂಥ ಪ್ರಸಾರದ ತುಣುಕುಗಳು ವಿವಾದಕ್ಕೆ ಕಾರಣವಾದಾಗ, ಪ್ರಸಾರವನ್ನು ನಿಲ್ಲಿಸುವುದು ಪರಿಹಾರವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಅಭಿಪ್ರಾಯಪಟ್ಟಿತು. ಆದರೂ ತೆರೆಯ ಮೇಲೆ ಕಾಣುವ ಇಂಗ್ಲಿಷ್ ಕಲಾಪ ಕನ್ನಡದ ಓದುಗನಿಗೆ ಅರ್ಥವಾಗಬೇಕಾದರೆ ವರದಿಗಾರನ ಕನ್ನಡ ಇಂದಿಗೂ ಬೇಕು. ಕಾನೂನು ವರದಿಯನ್ನು ಭಾಷಾಧ್ಯಯನದ ಹಾಗೂ ಪತ್ರಿಕೋದ್ಯಮ ಚರಿತ್ರೆಯ ವಸ್ತುವಾಗಿ ಕನ್ನಡ ಸಂಶೋಧನೆ ಪರಿಗಣಿಸಬೇಕಾದ ಅಗತ್ಯ ಇಲ್ಲಿದೆ.

ಒಟ್ಟಿನಲ್ಲಿ ಗಜೇಂದ್ರಗಡಕರ ಅವರ ಬದುಕು ಪಂಡಿತ ಪರಂಪರೆಯ ತರ್ಕಶುದ್ಧಿ ಹಾಗೂ ಆಧುನಿಕ ಸಂವಿಧಾನದ ಸಮತಾದೃಷ್ಟಿಗಳ ಸಂಗಮವಾಗಿತ್ತು. ತೆರೆದ ನ್ಯಾಯಾಲಯದ ತತ್ತ್ವವನ್ನು ಭಾರತದ ಕಾನೂನಿನಲ್ಲಿ ಗಟ್ಟಿಯಾಗಿ ನೆಟ್ಟವರೂ ಅವರೇ, ಅದರ ಅಪವಾದವನ್ನು ಬೇಲಿಯಿಲ್ಲದೆ ಬಿಟ್ಟವರೂ ಅವರೇ. ಬಿಟ್ಟುಹೋದ ಬೇಲಿಯನ್ನು ಕಟ್ಟಲು ಮುಂದಿನ ಪೀಳಿಗೆಗೆ ನಲವತ್ತಾರು ವರ್ಷ ಹಿಡಿಯಿತು. ಆದರೆ ತಮ್ಮ ನಿಲುವಿಗೆ ಕಾರಣಗಳನ್ನೂ, ಎದುರುಪಕ್ಷದ ವಾದವನ್ನೂ ಅವರು ತೀರ್ಪಿನಲ್ಲಿ ಪೂರ್ತಿಯಾಗಿ ಬರೆದಿಟ್ಟುಹೋದುದರಿಂದಲೇ ಆ ಕೆಲಸ ಸಾಧ್ಯವಾಯಿತು. ಹಿದಾಯತುಲ್ಲಾ ಅವರ ಭಿನ್ನಮತವೂ ಅದೇ ಸಂಪುಟದಲ್ಲಿ ಬಹುಮತದ ಪಕ್ಕದಲ್ಲಿ ಅಚ್ಚಾಗಿ ಉಳಿದಿದೆ. ಒಪ್ಪದ ಪಾಠವನ್ನೂ ಉಳಿಸಿಕೊಳ್ಳುವ ಈ ಪದ್ಧತಿಯೇ ನ್ಯಾಯದ ಬಹಿರಂಗತೆಗೆ ದೊರೆತಿರುವ ಅತ್ಯಂತ ಭದ್ರವಾದ ಆಧಾರ.